'ನರ ಹಿಡ್ಕೊಂಡಿದೆ' ಅಂದಾಗ ಒಳಗೆ ಏನಾಗಿರುತ್ತದೆ?

ನಮ್ಮ ಮಾತಿನಲ್ಲಿ 'ನರ' ಎಂಬ ಪದಕ್ಕೆ ಬಿಡುವೇ ಇಲ್ಲ. ರಕ್ತ ಪರೀಕ್ಷೆಗೆ ಹೋದರೆ 'ನರ ಸಿಗ್ತಿಲ್ಲ' ಅನ್ನುತ್ತಾರೆ. ಅಜ್ಜಿಯ ಕಾಲಿನ ಹಿಂದೆ ನೀಲಿಯಾಗಿ ಸುರುಳಿ ಸುತ್ತಿಕೊಂಡಿದ್ದರೆ 'ನರ ಉಬ್ಬಿದೆ'. ರಾತ್ರಿ ಕಾಲು ಸೆಟೆದುಕೊಂಡರೆ 'ನರ ಎಳೀತಿದೆ'. ಕುತ್ತಿಗೆ ತಿರುಗದಿದ್ದರೆ 'ನರ ಹಿಡ್ಕೊಂಡಿದೆ'. ಇವುಗಳಲ್ಲಿ ಮೊದಲ ಎರಡು ರಕ್ತನಾಳಗಳು. ಕೊನೆಯ ಎರಡು ಬಹುಪಾಲು ಸ್ನಾಯುವಿನ ಸೆಳೆತ. ವೈದ್ಯರು ನರ ಅಂದಾಗ ಅವರ ಮನಸ್ಸಿನಲ್ಲಿರುವುದು ಬೇರೆಯೇ ವಸ್ತು.

ಇದು ಸುಮ್ನೆ ಪದದ ವಿಷಯ ಅಂತ ನಾನೂ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ನಮ್ಮ ಸೋದರಮಾವನಿಗೆ ಬಲಗೈ ಎತ್ತಲು ಆಗಲಿಲ್ಲ. ಕಾಫಿ ಲೋಟ ಕೈಯಿಂದ ಜಾರಿತು. ಮಾತು ತೊದಲುತ್ತಿತ್ತು. 'ರಾತ್ರಿಯಿಡೀ ಒಂದೇ ಮಗ್ಗುಲಲ್ಲಿ ಮಲಗಿದ್ದಾನೆ, ನರ ಹಿಡ್ಕೊಂಡಿದೆ' ಎಂದು ಮನೆಯವರೆಲ್ಲ ಒಪ್ಪಿಕೊಂಡೆವು. ಎಣ್ಣೆ ಬಿಸಿ ಮಾಡಿ ತಿಕ್ಕಿದೆವು. ಸಂಜೆ ಆಸ್ಪತ್ರೆಗೆ ಹೋದ ಮೇಲೆ ಗೊತ್ತಾಯಿತು, ಅದು ಲಕ್ವ. ನಾವು ದಿನವಿಡೀ ತಿಕ್ಕಿದ್ದು ಬಲಗೈಯನ್ನು. ಕೆಟ್ಟಿದ್ದು ಮೆದುಳಿನ ಎಡಭಾಗ.

ಕೈಗೆ ಏನೂ ಆಗದೆ ಕೈ ಹೇಗೆ ಬಿದ್ದುಹೋಗುತ್ತದೆ? ಬಲಗೈಗೂ ಎಡ ಮೆದುಳಿಗೂ ಏನು ಸಂಬಂಧ? ಇದು ಅರ್ಥವಾಗಬೇಕಾದರೆ ಮೊದಲು ಆ ತಂತಿಗಳ ಜಾಲವನ್ನು ನೋಡಬೇಕು.

ಒಂದು ಮೀಟರ್ ಉದ್ದದ ಜೀವಕೋಶ

ನಿಜವಾದ ನರದ ಪರಿಚಯ ನಿಮಗೆ ಆಗಲೇ ಆಗಿದೆ. ಮೊಣಕೈ ಬಾಗಿಲ ಚೌಕಟ್ಟಿಗೆ ತಗುಲಿ ಕಿರುಬೆರಳಿನ ತನಕ ಜುಂ ಅಂದಿದೆ ಅಲ್ವಾ? ಅಲ್ಲಿ ಒಂದು ನರ ಚರ್ಮದ ಕೆಳಗೇ, ಮೂಳೆಯ ಪಕ್ಕದಲ್ಲಿ ಹಾದುಹೋಗುತ್ತದೆ. ಪೆಟ್ಟು ಬಿದ್ದದ್ದು ಮೊಣಕೈಗೆ, ಜುಂ ಅಂದದ್ದು ಬೆರಳಿಗೆ. ಏಕೆಂದರೆ ಆ ತಂತಿ ಬೆರಳಿನ ಸುದ್ದಿ ತರುವ ತಂತಿ. ದಾರಿಯಲ್ಲಿ ಎಲ್ಲಿ ಮುಟ್ಟಿದರೂ ಮೆದುಳು ಅದನ್ನು ಬೆರಳಿನ ಸುದ್ದಿ ಎಂದೇ ಓದುತ್ತದೆ.

ಈ ಜಾಲ ನರಕೋಶಗಳಿಂದ ಆಗಿದೆ. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದಕ್ಕೂ ಒಂದು ಪುಟ್ಟ ಒಡಲು, ಗಿಡದ ಕೊಂಬೆಗಳಂಥ ಕವಲುಗಳು, ಮತ್ತೆ ಉದ್ದನೆಯ ಒಂದು ಬಾಲ. ಕವಲುಗಳು ಸುದ್ದಿ ತೆಗೆದುಕೊಳ್ಳುತ್ತವೆ, ಬಾಲ ಕಳಿಸುತ್ತದೆ. ಸೊಂಟದ ಹತ್ತಿರದಿಂದ ಕಾಲಿನ ಹೆಬ್ಬೆರಳಿನ ತನಕ ಹೋಗುವ ಬಾಲ ಸುಮಾರು ಒಂದು ಮೀಟರ್ ಉದ್ದ. ಅಷ್ಟುದ್ದಕ್ಕೂ ಅದು ಒಂದೇ ಜೀವಕೋಶ. ಇಂಥ ಸಾವಿರಾರು ಬಾಲಗಳ ಕಟ್ಟೇ ನಾವು 'ನರ' ಎನ್ನುವುದು.

ಒಳಗೆ ಹರಿಯುವುದು ವಿದ್ಯುತ್ತೇ, ಆದರೆ ಮನೆಯ ವೈರಿನಲ್ಲಿ ಹರಿದ ಹಾಗಲ್ಲ. ಮನೆ ಕಟ್ಟುವ ಕಡೆ ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸುತ್ತಾರಲ್ಲ, ಹಾಗೆ. ಬಾಲದ ಉದ್ದಕ್ಕೂ ಸಣ್ಣ ಸಣ್ಣ ಬಾಗಿಲುಗಳಿವೆ. ಒಂದು ಬಾಗಿಲು ತೆರೆದು ಸೋಡಿಯಂ ಒಳನುಗ್ಗಿದರೆ ಪಕ್ಕದ ಬಾಗಿಲು ತೆರೆಯುತ್ತದೆ, ಅದರಿಂದ ಅದರ ಪಕ್ಕದ್ದು. ನಮ್ಮ ಅಡುಗೆ ಉಪ್ಪಿನಲ್ಲಿರುವ ಸೋಡಿಯಮ್ಮೇ ಇದು. ವಯಸ್ಸಾದವರಿಗೆ ವಾಂತಿ ಭೇದಿಯಾಗಿ ರಕ್ತದಲ್ಲಿ ಸೋಡಿಯಂ ತೀರಾ ಇಳಿದಾಗ ತಡವರಿಸಿ ಮಾತಾಡುವುದು, ಮಂಪರು ಬರುವುದು ಮಾತ್ರ ಮೆದುಳಿನ ಕೋಶಗಳಿಗೆ ನೀರು ಹೊಕ್ಕು ಅವು ಊದಿಕೊಳ್ಳುವುದರಿಂದ.

ಹೀಗೆ ಬಾಗಿಲಿಂದ ಬಾಗಿಲಿಗೆ ಹೋದರೆ ತಡವಾಗುತ್ತದೆ. ಅದಕ್ಕಾಗಿ ಮುಖ್ಯವಾದ ನರಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಹೊದಿಕೆಯ ನಡುವೆ ಅಲ್ಲಲ್ಲಿ ಸಣ್ಣ ಬಿಡುವು. ಸುದ್ದಿ ಬಿಡುವಿನಿಂದ ಬಿಡುವಿಗೆ ಹಾರುತ್ತದೆ, ಎಕ್ಸ್‌ಪ್ರೆಸ್ ಬಸ್ಸು ದೊಡ್ಡ ಊರುಗಳಲ್ಲಿ ಮಾತ್ರ ನಿಲ್ಲುವ ಹಾಗೆ. ಹೊದಿಕೆ ದಪ್ಪ ಇರುವ ನರದಲ್ಲಿ ವೇಗ ಸೆಕೆಂಡಿಗೆ 100 ಮೀಟರ್ ತನಕ ಹೋಗುತ್ತದೆ. ಹೊದಿಕೆ ಇಲ್ಲದ ನೋವಿನ ಎಳೆಗಳಲ್ಲಿ ಸೆಕೆಂಡಿಗೆ ಒಂದು ಮೀಟರ್ ಆಸುಪಾಸು. ಕಾಲ್ಬೆರಳು ಮಂಚದ ಕಾಲಿಗೆ ಬಡಿದಾಗ ತಗುಲಿದ್ದು ತಕ್ಷಣ ಗೊತ್ತಾಗುತ್ತದೆ. ಉರಿಯುವ ನೋವು ಒಂದು ಕ್ಷಣ ಬಿಟ್ಟು ಬರುತ್ತದೆ. ಆ ಒಂದು ಕ್ಷಣ ನಿಧಾನದ ಬಸ್ಸಿನ ಪ್ರಯಾಣದ ಹೊತ್ತು.

ಇನ್ನೊಂದು ಸಂಗತಿ. ಒಂದು ನರಕೋಶ ಮುಂದಿನದಕ್ಕೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇದೆ. ಸುದ್ದಿ ಅಲ್ಲಿಗೆ ಬಂದಾಗ ರಾಸಾಯನಿಕವಾಗಿ ಬದಲಾಗಿ ಸಂದು ದಾಟುತ್ತದೆ. ಡೋಪಮಿನ್, ಸೆರಟೋನಿನ್ ಎಂದೆಲ್ಲ ಕೇಳಿರುತ್ತೀರಿ, ಇವೇ ಆ ರಾಸಾಯನಿಕಗಳು. ನರರೋಗಗಳಿಗೆ ಕೊಡುವ ಬಹಳಷ್ಟು ಮಾತ್ರೆಗಳು ಕೆಲಸ ಮಾಡುವ ಜಾಗ ಈ ಸಂದು.

ಮೇಲೆ ಮೆದುಳು, ಕೆಳಗೆ ಹುರಿ

ಮೆದುಳಿನ ತೂಕ 1.3ರಿಂದ 1.4 ಕಿಲೋ. ದೇಹದ ತೂಕದಲ್ಲಿ ಇದು ನೂರಕ್ಕೆ ಎರಡು ಪಾಲು ಮಾತ್ರ. ಆದರೆ ಉಸಿರಾಡಿದ ಆಮ್ಲಜನಕದಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ಉಳಿಸಿ ಇಟ್ಟುಕೊಳ್ಳುವ ಉಗ್ರಾಣವೂ ಅದಕ್ಕಿಲ್ಲ. ರಕ್ತ ಬರುತ್ತಲೇ ಇರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ಅಲ್ಲಿ ಸಾಮಾನ್ಯ ಜನರೂ ನಿಜವಾದ ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.

ದೊಡ್ಡ ಮೆದುಳು ಅಕ್ರೋಟಿನ ಹಾಗೆ ಮಡಿಕೆ ಮಡಿಕೆಯಾಗಿದೆ. ಹಣೆಯ ಹಿಂದಿನ ಭಾಗ ಯೋಚನೆ, ಸಂಯಮಕ್ಕೆ. ಅದರ ಹಿಂದೆ ಕೈಕಾಲು ಆಡಿಸುವ ಪಟ್ಟಿ, ಪಕ್ಕದಲ್ಲೇ ಸ್ಪರ್ಶದ ಪಟ್ಟಿ. ಕಿವಿಯ ಬದಿಯಲ್ಲಿ ಕೇಳಿಸಿಕೊಳ್ಳುವ ಜಾಗ. ನೋಟದ ಜಾಗ ಮಾತ್ರ ತಲೆಯ ತೀರಾ ಹಿಂದಿದೆ, ಹಾಗಾಗಿಯೇ ಹಿಂದಲೆಗೆ ಏಟು ಬಿದ್ದರೆ ಕಣ್ಣಲ್ಲಿ ನಕ್ಷತ್ರ ಕಾಣುತ್ತದೆ. ಮಾತಿನ ಜಾಗ ಹೆಚ್ಚಿನವರಲ್ಲಿ ಎಡಭಾಗದಲ್ಲಿದೆ. ಹಿಂದೆ ಕೆಳಗಡೆ ಇರುವ ಚಿಕ್ಕ ಮೆದುಳು ತೂಕ ತಪ್ಪದಂತೆ ನೋಡಿಕೊಳ್ಳುತ್ತದೆ. ಕುಡಿದವನು ತೂರಾಡುವುದು ಮದ್ಯ ಇದನ್ನು ಮಂಕು ಮಾಡುವುದರಿಂದ. ಇವೆರಡನ್ನೂ ಬೆನ್ನುಹುರಿಗೆ ಜೋಡಿಸುವುದು ಮೆದುಳಿನ ಕಾಂಡ. ಹೆಬ್ಬೆರಳಿನಷ್ಟು ಜಾಗ, ಆದರೆ ಉಸಿರು, ಎಚ್ಚರ ಎರಡೂ ಅಲ್ಲಿವೆ.

ಮೆದುಳಿನಿಂದ ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ಎಳೆಗಳಲ್ಲಿ ಹೆಚ್ಚಿನವು ಈ ಕಾಂಡದ ಕೆಳತುದಿಯಲ್ಲಿ ಒಂದನ್ನೊಂದು ದಾಟಿ ಎದುರು ಬದಿಗೆ ಹೋಗುತ್ತವೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಮಾವನ ಎಡ ಮೆದುಳು ಕೆಟ್ಟಾಗ ಬಲಗೈ ಬಿದ್ದದ್ದು ಇದರಿಂದ. ಮಾತು ತೊದಲಿದ್ದೂ ಮೆದುಳು ಕೆಟ್ಟಿದ್ದರ ಸುಳಿವೇ.

ಬೆನ್ನುಹುರಿ ಬೆರಳು ದಪ್ಪದ್ದು, ಉದ್ದ ಸುಮಾರು 45 ಸೆಂಟಿಮೀಟರ್. ಅದು ಬೆನ್ನುಮೂಳೆಯ ಕೊನೆಯ ತನಕ ಬರುವುದಿಲ್ಲ. ಸೊಂಟಕ್ಕಿಂತ ಸ್ವಲ್ಪ ಮೇಲೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಬಿಡಿ ನರಗಳು ಕುದುರೆ ಬಾಲದಂತೆ ನೀರಿನಲ್ಲಿ ತೇಲುತ್ತಿರುತ್ತವೆ. ಈ ಒಂದು ಸಂಗತಿ ಎಲ್ಲರಿಗೂ ಗೊತ್ತಿದ್ದರೆ ಎಷ್ಟು ಚೆನ್ನ ಎಂದು ನನಗೆ ಅನಿಸುತ್ತದೆ. ಮೆದುಳು ಜ್ವರದ ಅನುಮಾನ ಬಂದಾಗ ವೈದ್ಯರು ಬೆನ್ನಿನಿಂದ ನೀರು ತೆಗೆಯಬೇಕು ಎನ್ನುತ್ತಾರೆ. 'ಸೂಜಿ ಹುರಿಗೆ ಚುಚ್ಚಿ ಕಾಲು ಬಿದ್ದುಹೋದರೆ?' ಎಂದು ಹೆದರಿ ಎಷ್ಟೋ ಮನೆಯವರು ಬೇಡ ಅನ್ನುತ್ತಾರೆ. ಆ ಸೂಜಿಯನ್ನು ಹಾಕುವುದು ಹುರಿ ಮುಗಿದು ಅದಕ್ಕಿಂತ ಕೆಳಗಿರುವ ಜಾಗದಲ್ಲಿ.

ತಲೆಯಿಂದ ನೇರವಾಗಿ 12 ಜೊತೆ ನರಗಳು ಮುಖ, ಕಣ್ಣು, ಕಿವಿ, ನಾಲಿಗೆಗೆ ಹೋಗುತ್ತವೆ. ಹುರಿಯಿಂದ 31 ಜೊತೆ ಮೈಗೆಲ್ಲ ಹರಡುತ್ತವೆ. ಹುರಿಗೆ ತನ್ನದೇ ಆದ ಬುದ್ಧಿಯೂ ಸ್ವಲ್ಪ ಇದೆ. ದೋಸೆ ಕಾವಲಿ ಬೆರಳಿಗೆ ತಗುಲಿದರೆ ಕೈ ಹಿಂದಕ್ಕೆ ಬಂದ ಮೇಲೆ 'ಅಯ್ಯೋ ಸುಟ್ಟಿತು' ಎಂದು ಅರಿವಾಗುತ್ತದೆ. ಕೈ ಎಳೆದದ್ದು ಹುರಿಯ ತೀರ್ಮಾನ, ಮೆದುಳಿಗೆ ವಿಷಯ ತಲುಪಿದ್ದು ಆಮೇಲೆ. ವೈದ್ಯರು ಮಂಡಿಗೆ ಸುತ್ತಿಗೆಯಿಂದ ತಟ್ಟುವುದು ಈ ದಾರಿ ಸರಿ ಇದೆಯೇ ಎಂದು ನೋಡಲು. ಎದೆ ಬಡಿತ, ಜೀರ್ಣ, ಬೆವರು ಇವನ್ನೆಲ್ಲ ನಮ್ಮನ್ನು ಕೇಳದೆ ನಡೆಸುವ ಇನ್ನೊಂದು ಜಾಲವೂ ಇದೆ. ವೇದಿಕೆ ಹತ್ತಿದಾಗ ಬಾಯಿ ಒಣಗುವುದು ಅದರ ಕೆಲಸ.

ಎಲ್ಲಿ ಕೆಟ್ಟಿದೆ?

ನರರೋಗದ ವೈದ್ಯರು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು. ಯಾವ ರೋಗ ಎನ್ನುವುದು ಆಮೇಲೆ. ಲೈನ್‌ಮನ್ ಕೂಡ ಹಾಗೇ ನೋಡುತ್ತಾನೆ. ಒಂದು ಮನೆಯಲ್ಲಿ ಮಾತ್ರ ಕರೆಂಟ್ ಇಲ್ಲವೇ, ಬೀದಿಗೇ ಇಲ್ಲವೇ, ಊರಿಗೇ ಇಲ್ಲವೇ?

ಒಂದೇ ಬದಿಯ ಮುಖ, ಕೈ, ಕಾಲು ಸೋತರೆ ಅನುಮಾನ ಎದುರು ಬದಿಯ ಮೆದುಳಿನ ಮೇಲೆ. ಎರಡೂ ಕಾಲು ಬಿದ್ದು ಕೈ, ಮುಖ ಸರಿ ಇದ್ದರೆ ಬೆನ್ನುಹುರಿಯ ಮೇಲೆ. ಸೊಂಟದಿಂದ ಹಿಮ್ಮಡಿಯ ತನಕ ಒಂದೇ ಗೆರೆಯಲ್ಲಿ ನೋವು ಇಳಿದರೆ ಮೂಳೆಗಳ ನಡುವಿನ ಡಿಸ್ಕ್ ಜಾರಿ ನರದ ಬುಡವನ್ನು ಒತ್ತಿರಬಹುದು. ಎರಡೂ ಪಾದಗಳಲ್ಲಿ ಜೋಮು ಶುರುವಾಗಿ ಮೇಲೇರಿದರೆ ಮೈಗೆ ಹರಡಿದ ನರಗಳೇ ಹಾಳಾಗುತ್ತಿವೆ.

ಇದಕ್ಕೆ ಮುಖದ ಉದಾಹರಣೆ ತುಂಬಾ ಚೆನ್ನಾಗಿದೆ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದರೆ ನೀರು ಒಂದು ಬದಿಯಿಂದ ಸೋರುತ್ತದೆ, ಬಾಯಿ ಸೊಟ್ಟಗಾಗಿದೆ. ಲಕ್ವವೇ? ಹುಬ್ಬು ಮೇಲೇರಿಸಲು ಹೇಳುತ್ತಾರೆ. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಬದಿಯಿಂದ ಅಪ್ಪಣೆ ಬರುತ್ತದೆ. ಹಾಗಾಗಿ ಲಕ್ವದಲ್ಲಿ ಒಂದು ಬದಿ ಕೆಟ್ಟರೂ ಇನ್ನೊಂದು ಬದಿ ಹಣೆಯನ್ನು ನಡೆಸುತ್ತದೆ, ಹಣೆಯಲ್ಲಿ ಗೆರೆ ಮೂಡುತ್ತದೆ. ಮುಖದ ನರವೇ ಊದಿಕೊಂಡಿದ್ದರೆ ಎರಡೂ ಕಡೆಯ ಅಪ್ಪಣೆ ಬಂದರೂ ದಾಟಲು ದಾರಿ ಇಲ್ಲ. ಹಣೆ ನುಣ್ಣಗಿರುತ್ತದೆ, ಕಣ್ಣೂ ಮುಚ್ಚುವುದಿಲ್ಲ. ಇದು ಬೆಲ್ಸ್ ಪಾಲ್ಸಿ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ವಾಸಿಯಾಗುತ್ತದೆ. ಮೂರು ದಿನದೊಳಗೆ ಸ್ಟೀರಾಯ್ಡ್ ಶುರು ಮಾಡಿದರೆ ಇನ್ನೂ ಒಳ್ಳೆಯದು. ಇದಕ್ಕೆ ಪಾರಿವಾಳದ ರಕ್ತ ಹಚ್ಚಿಸಿ 'ಲಕ್ವ ವಾಸಿಯಾಯಿತು' ಎಂದು ಹೇಳುವವರಿದ್ದಾರೆ. ತಾನಾಗಿ ಇಳಿಯುವ ರೋಗಕ್ಕೆ ಹಚ್ಚಿದ್ದೆಲ್ಲ ಮದ್ದಾಗಿ ಕಾಣುತ್ತದೆ. ಆದರೆ ಯಾವುದು ಯಾವುದು ಎಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ. ಬಾಯಿ ಸೊಟ್ಟಗಾದರೆ ಮೊದಲು ಆಸ್ಪತ್ರೆ.

ಲಕ್ವ: ಗಡಿಯಾರದ ರೋಗ

ಲಕ್ವ, ಪಾರ್ಶ್ವವಾಯು, ಸ್ಟ್ರೋಕ್ ಎಲ್ಲ ಒಂದೇ. ಹೆಚ್ಚಿನ ಸಲ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಗರಣೆ ಸಿಕ್ಕಿಕೊಂಡು ಮುಂದಿನ ಭಾಗಕ್ಕೆ ರಕ್ತ ನಿಲ್ಲುತ್ತದೆ. ಇನ್ನು ಕೆಲವು ಸಲ ನಾಳ ಒಡೆದು ರಕ್ತ ಸುರಿಯುತ್ತದೆ. ಗದ್ದೆಗೆ ನೀರು ಬರುವ ಕಾಲುವೆ ಕಟ್ಟಿಕೊಂಡರೂ ಹಾಳು, ಏರಿ ಒಡೆದರೂ ಹಾಳು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ತಲೆಯ ಸಿಟಿ ಸ್ಕ್ಯಾನ್ ಮಾಡಿದರೆ ಮಾತ್ರ ಗೊತ್ತಾಗುವುದು. ಹಾಗಾಗಿ ರಕ್ತ ತೆಳು ಮಾಡುವ ಆಸ್ಪಿರಿನ್ ಮಾತ್ರೆಯನ್ನು ಮನೆಯಲ್ಲಿ ನುಂಗಿಸಬಾರದು. ನಾಳ ಒಡೆದಿದ್ದರೆ ಅದು ಅಪಾಯ. ನೀರೂ ಕುಡಿಸಬಾರದು. ನುಂಗುವ ಶಕ್ತಿ ಹೋಗಿದ್ದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ.

ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಲೆಕ್ಕ ಇದೆ. ಗರಣೆ ಕರಗಿಸುವ ಇಂಜೆಕ್ಷನ್ ಇದೆ, ಆದರೆ ಅದನ್ನು ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳದ ಗರಣೆಯನ್ನು ತೊಡೆಯ ನಾಳದಿಂದ ಸಣ್ಣ ಕೊಳವೆ ಕಳಿಸಿ ಎಳೆದು ತೆಗೆಯುವ ಚಿಕಿತ್ಸೆಯೂ ಬಂದಿದೆ. ಆಯ್ದ ಕೆಲವರಿಗೆ ಅದನ್ನು 24 ಗಂಟೆಯ ತನಕ ಮಾಡುತ್ತಾರೆ. ನಾವು ಮಾವನನ್ನು ಕರೆದೊಯ್ಯುವ ಹೊತ್ತಿಗೆ ಇಂಜೆಕ್ಷನ್ನಿನ ಹೊತ್ತು ಮೀರಿತ್ತು. 'ಎಷ್ಟು ಗಂಟೆಗೆ ಶುರುವಾಯಿತು?' ಎಂದು ವೈದ್ಯರು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಕೊಡುವಾಗ ಅತ್ತೆಯ ದನಿ ಉಡುಗಿತ್ತು.

ನೋಡಬೇಕಾದ್ದು ಇಷ್ಟೇ. ನಗಲು ಹೇಳಿ, ಬಾಯಿ ಒಂದು ಕಡೆ ಜಾರುತ್ತದಾ? ಎರಡೂ ಕೈ ಚಾಚಲು ಹೇಳಿ, ಒಂದು ಕೈ ಕೆಳಗೆ ಇಳಿಯುತ್ತದಾ? ಒಂದು ವಾಕ್ಯ ಹೇಳಿಸಿ, ತೊದಲುತ್ತದಾ? ಒಂದು ಹೌದಾದರೂ ಗಡಿಯಾರ ನೋಡಿಕೊಂಡು 108ಕ್ಕೆ ಕರೆ ಮಾಡಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಹೋಗಬೇಕು. ಅದು ಬರಲಿರುವ ದೊಡ್ಡ ಲಕ್ವದ ಮುನ್ಸೂಚನೆ ಇರಬಹುದು. ಲಕ್ವಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಹತೋಟಿಯಲ್ಲಿಲ್ಲದ ಬಿಪಿ.

ಫಿಟ್ಸ್ ಮತ್ತು ತಲೆಗೆ ಸುರಿದ ಬಿಸಿನೀರು

ಮೆದುಳಿನ ನರಕೋಶಗಳು ಸಂತೆಯ ಜನರಿದ್ದ ಹಾಗೆ. ಪ್ರತಿಯೊಬ್ಬರೂ ತಮ್ಮ ತಮ್ಮ ಮಾತಾಡುತ್ತಿರುತ್ತಾರೆ. ಎಲ್ಲರೂ ಒಂದೇ ತಾಳದಲ್ಲಿ ಒಟ್ಟಿಗೆ ಕೂಗತೊಡಗಿದರೆ ಅದು ಫಿಟ್ಸ್. ಕೂಗು ಕೈಯ ಪಟ್ಟಿಯಲ್ಲಿ ಎದ್ದರೆ ಕೈ ಮಾತ್ರ ಅದುರುತ್ತದೆ. ಇಡೀ ಮೆದುಳಿಗೆ ಹರಡಿದರೆ ಎಚ್ಚರ ತಪ್ಪಿ ಮೈಯೆಲ್ಲ ಅದುರುತ್ತದೆ. ಕೆಲವು ಮಕ್ಕಳಲ್ಲಿ ಕೆಲವೇ ಸೆಕೆಂಡ್ ಸುಮ್ಮನೆ ದಿಟ್ಟಿಸಿ ನೋಡುವುದಷ್ಟೇ ಕಾಣುತ್ತದೆ. ಮೇಷ್ಟ್ರು 'ಗಮನ ಇಲ್ಲ' ಎಂದು ಬೈಯುತ್ತಾರೆ.

ನಮ್ಮ ಕಡೆ ಒಂದು ವಿಶೇಷ ಬಗೆ ಇದೆ, ಬಿಸಿನೀರಿನ ಫಿಟ್ಸ್. 1945ರಲ್ಲಿ ನ್ಯೂಜಿಲೆಂಡಿನಿಂದ ಇದರ ಮೊದಲ ವರದಿ ಬಂತು. ಆದರೆ ಜಗತ್ತಿನಲ್ಲಿ ಇದು ಹೆಚ್ಚಾಗಿ ಕಂಡಿರುವ ಜಾಗಗಳಲ್ಲಿ ದಕ್ಷಿಣ ಕರ್ನಾಟಕ ಒಂದು. ಬೆಂಗಳೂರು, ಮೈಸೂರಿನ ವೈದ್ಯರು ದಶಕಗಳಿಂದ ಇದನ್ನು ಅಧ್ಯಯನ ಮಾಡಿದ್ದಾರೆ. ಹಂಡೆಯಿಂದ ಚೊಂಬಿನಲ್ಲಿ ಬಿಸಿನೀರು ತುಂಬಿ ತಲೆಗೆ ಬಿಡದೆ ಸುರಿದುಕೊಳ್ಳುವುದು ನಮ್ಮ ರೂಢಿ ಅಲ್ವಾ? ಸಹಜವಾಗಿ ಒಲವಿರುವ ಮೆದುಳಿನಲ್ಲಿ ಆ ಏಕಾಏಕಿ ಕಾವು ಫಿಟ್ಸ್ ಎಬ್ಬಿಸುತ್ತದೆ. ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ ಜಾಸ್ತಿ. ಕೆಲವರಿಗೆ ಆ ಹೊತ್ತಿನಲ್ಲಿ ಒಂಥರಾ ಹಿತವೆನಿಸಿ ಇನ್ನೂ ಇನ್ನೂ ನೀರು ಸುರಿದುಕೊಳ್ಳುತ್ತಾರೆ. ಬಚ್ಚಲಲ್ಲಿ ಬಿದ್ದವನಿಗೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುವ ಮನೆಗಳಿವೆ. ಬಹಳ ಜನರಿಗೆ ತಲೆಗೆ ಉಗುರುಬೆಚ್ಚಗಿನ ನೀರು ಹಾಕಿದರೆ ಸಾಕು. ಬೇಕಾದವರಿಗೆ ಸ್ನಾನಕ್ಕೆ ಮೊದಲು ನುಂಗುವ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ.

ಯಾವುದೇ ಫಿಟ್ಸ್ ಆದರೂ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಏನೂ ಆಗುವುದಿಲ್ಲ. ಅದು ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಕಬ್ಬಿಣಕ್ಕೆ ಹೆಸರು ಬರುತ್ತದೆ. ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಬಾಯಿಗೆ ಏನನ್ನೂ ತುರುಕಬೇಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಓಡಿ. ಮೂರ್ಛೆ ರೋಗ ಇರುವ ಹತ್ತರಲ್ಲಿ ಏಳು ಜನ ಸರಿಯಾದ ಮಾತ್ರೆಯಿಂದ ಫಿಟ್ಸ್ ಇಲ್ಲದೆ ಬದುಕಬಹುದು. ಮದುವೆ, ಮಕ್ಕಳು, ಕೆಲಸ ಎಲ್ಲವೂ ಸಾಧ್ಯ.

ನಡುಗುವ ಕೈ

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 'ನಡುಗುವ ಲಕ್ವ' ಎಂದು ಬರೆದ ರೋಗಕ್ಕೆ ಅವರ ಹೆಸರೇ ಉಳಿಯಿತು. ಮೆದುಳಿನ ಆಳದಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳ ಪುಟ್ಟ ಗುಂಪೊಂದಿದೆ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಸವೆಯುತ್ತದೆ. ಸುಮ್ಮನಿದ್ದಾಗ ಕೈ ನಡುಗುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ಅಕ್ಷರ ಸಣ್ಣಗಾಗುತ್ತದೆ, ಮುಖದ ಮೇಲೆ ಭಾವ ಕಡಿಮೆಯಾಗುತ್ತದೆ. ಮನೆಯವರು ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಇದರ ಮುಖ್ಯ ಮದ್ದು ಲೆವೊಡೋಪಾ ಮೆದುಳಿಗೆ ಹೋಗಿ ಡೋಪಮಿನ್ ಆಗುತ್ತದೆ. ನಮ್ಮ ಬೇಲಿಯಲ್ಲಿ ಬೆಳೆಯುವ, ಮುಟ್ಟಿದರೆ ತುರಿಕೆ ಹಿಡಿಸುವ ನಸುಗುನ್ನಿಯ ಬೀಜದಲ್ಲೂ ಇದೇ ಲೆವೊಡೋಪಾ ಇದೆ. ಹಾಗೆಂದು ಬೀಜ ಪುಡಿ ಮಾಡಿ ತಿನ್ನಬಾರದು. ಒಂದೊಂದು ಬೀಜದಲ್ಲಿ ಅದರ ಪ್ರಮಾಣ ಒಂದೊಂದು ರೀತಿ, ಮಾತ್ರೆಯ ಲೆಕ್ಕ ಅಲ್ಲಿ ಸಿಗುವುದಿಲ್ಲ.

ಪಾದದಿಂದ ಏರುವ ಜೋಮು

ಸಕ್ಕರೆ ಕಾಯಿಲೆ ಮೊದಲು ಪಾದವನ್ನೇ ಹಿಡಿಯುವುದೇಕೆ? ಅಲ್ಲಿಗೆ ಹೋಗುವ ತಂತಿ ಎಲ್ಲಕ್ಕಿಂತ ಉದ್ದ. ಉದ್ದ ಜಾಸ್ತಿಯಾದಷ್ಟೂ ತುದಿಯನ್ನು ಪೋಷಿಸುವುದು ಕಷ್ಟ. ಮೊದಲು ಉರಿ, ಆಮೇಲೆ ಜೋಮು, ಕೊನೆಗೆ ಚಪ್ಪಲಿ ಜಾರಿದ್ದೂ ತಿಳಿಯುವುದಿಲ್ಲ. ಮುಳ್ಳು ಚುಚ್ಚಿದ ಗಾಯ ಹುಣ್ಣಾದ ಮೇಲೆ ಕಣ್ಣಿಗೆ ಬೀಳುತ್ತದೆ. ಸಕ್ಕರೆ ಇರುವವರು ಪ್ರತಿ ರಾತ್ರಿ ಅಂಗಾಲನ್ನು ಕಣ್ಣಿನಿಂದ ನೋಡಿಕೊಳ್ಳಬೇಕು. ಬರೀ ಸಸ್ಯಾಹಾರ ತಿನ್ನುವವರಲ್ಲಿ ಬಿ12 ಕಡಿಮೆಯಾದರೂ ಹೀಗೇ ಜೋಮು ಬರುತ್ತದೆ. ಇದನ್ನು ರಕ್ತ ಪರೀಕ್ಷೆಯಲ್ಲಿ ಪತ್ತೆ ಮಾಡಿ ಸರಿಪಡಿಸಬಹುದು.

ಇದೆಲ್ಲ ವರ್ಷಗಳ ಕಥೆ. ಜೋಮು, ನಿಶ್ಶಕ್ತಿ ದಿನಗಳಲ್ಲೇ ಏರಿದರೆ ಅದು ಬೇರೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಇದ್ದಕ್ಕಿದ್ದಂತೆ ಹೆಚ್ಚಿದ ಗಿಯಾನ್ ಬರೆ ಸಿಂಡ್ರೋಮ್ ಸುದ್ದಿ ನೆನಪಿರಬಹುದು. ಹೊಟ್ಟೆಯ ಸೋಂಕಿನ ವಿರುದ್ಧ ಎದ್ದ ದೇಹದ ಕಾವಲುಪಡೆ ತನ್ನದೇ ನರಗಳನ್ನು ಶತ್ರು ಎಂದು ತಪ್ಪು ತಿಳಿದು ಹೊದಿಕೆ ಕಿತ್ತುಹಾಕುತ್ತದೆ. ಎಕ್ಸ್‌ಪ್ರೆಸ್ ಬಸ್ಸು ನಿಂತುಹೋಗುತ್ತದೆ. ಕಾಲಿನಿಂದ ಶುರುವಾದ ಸೋಲು ಎದೆಗೆ ಏರಿದರೆ ಉಸಿರಾಟಕ್ಕೆ ಯಂತ್ರ ಬೇಕಾಗುತ್ತದೆ. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರೆ ಹೆಚ್ಚಿನವರು ಮತ್ತೆ ನಡೆಯುತ್ತಾರೆ. ಹೊದಿಕೆ ಮತ್ತೆ ಬೆಳೆಯುತ್ತದೆ.

ಹುಚ್ಚುನಾಯಿ ರೋಗದ ವೈರಸ್ಸು ಇದೇ ನರಗಳನ್ನು ದಾರಿ ಮಾಡಿಕೊಂಡು ಕಡಿತದ ಜಾಗದಿಂದ ಮೆದುಳಿಗೆ ಇಂಚಿಂಚಾಗಿ ಏರುತ್ತದೆ. ಮುಖ, ಕುತ್ತಿಗೆಯ ಕಡಿತ ಹೆಚ್ಚು ಅಪಾಯ, ದಾರಿ ಗಿಡ್ಡ. ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಲಸಿಕೆ ಶುರು ಮಾಡಿದರೆ ಅದನ್ನು ದಾರಿಯಲ್ಲೇ ತಡೆಯಬಹುದು. ಮೆದುಳು ಮುಟ್ಟಿದ ಮೇಲೆ ಮದ್ದಿಲ್ಲ.

ಹೋದದ್ದು ಮತ್ತೆ ಬರುತ್ತದಾ?

ಕೈಕಾಲಿನ ನರ ತುಂಡಾದರೆ ಹೊಲಿದು ಜೋಡಿಸಬಹುದು. ಒಳಗಿನ ಎಳೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳ ತುದಿ ಮುಟ್ಟಲು ಆರು ತಿಂಗಳೇ ಬೇಕು. ಬೆನ್ನುಹುರಿ, ಮೆದುಳಿನಲ್ಲಿ ಹೀಗೆ ಬೆಳೆಯುವುದಿಲ್ಲ. ಅದಕ್ಕೇ ಅಪಘಾತದಲ್ಲಿ ಬಿದ್ದವರನ್ನು ಕುತ್ತಿಗೆ, ಬೆನ್ನು ಬಗ್ಗಿಸಿ ಎತ್ತಬಾರದು ಎನ್ನುವುದು. ಮೂಳೆ ಮುರಿದಿದ್ದರೂ ಉಳಿದಿರುವ ಹುರಿ ಆ ಒಂದು ಎಳೆತಕ್ಕೆ ತುಂಡಾಗಬಹುದು.

ಆದರೆ ಮೆದುಳಿಗೆ ಇನ್ನೊಂದು ಗುಣ ಇದೆ. ಸತ್ತ ಭಾಗದ ಕೆಲಸವನ್ನು ಪಕ್ಕದ ಭಾಗ ಕಲಿಯುತ್ತದೆ. ಹೆದ್ದಾರಿ ಕೊಚ್ಚಿಹೋದಾಗ ಹಳ್ಳಿಯ ದಾರಿಯಲ್ಲಿ ಸುತ್ತಿ ಬಂದ ಹಾಗೆ. ಅದು ತಾನಾಗಿ ಕಲಿಯುವುದಿಲ್ಲ. ಒಂದೇ ಚಲನೆಯನ್ನು ದಿನಕ್ಕೆ ನೂರಾರು ಸಲ ಮಾಡಿಸಬೇಕು. ಫಿಸಿಯೊಥೆರಪಿಯ ಅರ್ಥ ಇದು. ಮೊದಲ ಮೂರು ನಾಲ್ಕು ತಿಂಗಳು ಮೆದುಳು ಬೇಗ ಕಲಿಯುತ್ತದೆ. ಕಲಿಕೆ ಆಮೇಲೂ ನಿಲ್ಲುವುದಿಲ್ಲ.

ಮಾವ ದಿನಾ ಬೆಳಿಗ್ಗೆ ತಟ್ಟೆಯ ತುಂಬ ಅವರೆಕಾಳು ಇಟ್ಟುಕೊಂಡು ಕೂರುತ್ತಾನೆ. ಬಲಗೈಯಲ್ಲಿ ಒಂದೊಂದೇ ಕಾಳು ಎತ್ತಿ ಲೋಟಕ್ಕೆ ಹಾಕುತ್ತಾನೆ. ಶುರುವಿನಲ್ಲಿ ಹತ್ತು ಕಾಳಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಈಗ ಲೋಟ ತುಂಬುತ್ತದೆ.